ಕೆಳಗಿನ ಚಕ್ರ

ಸರ್ವಮಂಗಳಾ ಕೂತಲ್ಲಿ ಕೂರುವವಳಲ್ಲ. ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಸೀಟು ಸಿಕ್ಕರೂ ಅವಳ ಬಲಗೈ ಮಣಿಕಟ್ಟು ಊಟದ ಡಬ್ಬಿಯ ಮೇಲೆ ಆಡುತ್ತಲೇ ಇರುತ್ತದೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಒಮ್ಮೆ, ವಾತವೇನಮ್ಮಾ ಎಂದು ಕೇಳಿದ್ದರು. ವಾತವಲ್ಲ, ಟೇಬಲ್ ಟೆನಿಸ್.

ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಹತ್ತಿದ ಹುಚ್ಚು ಅದು. ಮದುವೆ, ಮಗಳು, ಕೆಲಸ ಎಂದು ನಡುವೆ ಹದಿನೈದು ವರ್ಷ ಬ್ಯಾಟು ಮುಟ್ಟಿರಲಿಲ್ಲ. ಮತ್ತೆ ಹಿಡಿದ ಮೇಲೆ ಸರ್ಕಾರಿ ನೌಕರರ ಜಿಲ್ಲಾ ಕ್ರೀಡಾಕೂಟದಲ್ಲಿ ಮೂರು ವರ್ಷ ಸತತವಾಗಿ ಸೆಮಿಫೈನಲ್ ತಲುಪಿ, ಮೂರು ಸಲವೂ ಅರ್ಪಿತಾಳ ಕೈಯಲ್ಲೇ ಸೋತಳು. ಅರ್ಪಿತ ಆರೋಗ್ಯ ಇಲಾಖೆಯ ಲ್ಯಾಬ್ ಟೆಕ್ನಿಷಿಯನ್. ಜೋರಾಗಿ ಹೊಡೆಯುವವಳೇ ಅಲ್ಲ. ಚೆಂಡಿನ ತಳವನ್ನು ಬ್ಯಾಟಿನಿಂದ ಕೆರೆದು ಹಿಂದಕ್ಕೆ ಸುತ್ತುವಂತೆ ಕಳಿಸುತ್ತಾಳೆ. ಅದು ಸಾಧುವಿನಂತೆ ಬಂದು, ಸರ್ವಮಂಗಳಾಳ ಬ್ಯಾಟಿಗೆ ತಗುಲಿದ್ದೇ ನೆಟ್ಟಿಗೆ ಬೀಳುತ್ತದೆ.

ಫೈನಲ್ ಮುಟ್ಟಿದ ಇಬ್ಬರಿಗೂ ರಾಜ್ಯ ಮಟ್ಟಕ್ಕೆ ಅವಕಾಶ. ಸರ್ವಮಂಗಳಾಳಿಗೆ ನಲವತ್ತೆಂಟು. ಮೆಟ್ಟಿಲು ಹತ್ತುವಾಗ ಮಂಡಿ ಲಟಕ್ಕೆನ್ನಲು ಶುರುವಾಗಿದೆ. ಈ ವರ್ಷ ಆಗದಿದ್ದರೆ ಇನ್ನು ಆಗುವುದಲ್ಲ ಎಂದು ಅವಳಿಗೇ ಗೊತ್ತಿತ್ತು.

ಜೊತೆಗೆ ಆಡುವವರೇ ಇಲ್ಲ. ಮೇಡಂ ಕೈಲಿ ಸೋತ ಎಂದು ಉಳಿದವರು ರೇಗಿಸುತ್ತಾರೆಂದು ಕಚೇರಿಯ ಗಂಡಸರಿಗೆಲ್ಲ ಸಂಜೆಯಾದರೆ ತುರ್ತು ಕೆಲಸ ಹುಟ್ಟುತ್ತಿತ್ತು. ಹಾಗಾಗಿ ಮೈಸೂರಿನ ಕ್ಲಬ್ಬೊಂದರಿಂದ ಚೆಂಡು ಎಸೆಯುವ ಹಳೇ ರೋಬೋ ಕೊಂಡು ತಂದು, ಮನೆಯ ಮೇಲಿನ ಶೀಟಿನ ಚಾವಣಿಯ ಕೆಳಗೆ ಹಾಕಿಸಿಕೊಂಡಿದ್ದ ಟೇಬಲ್ಲಿನ ತುದಿಗೆ ಕೂರಿಸಿದಳು. ಅದರ ಬಾಯಲ್ಲಿ ಮೇಲೊಂದು, ಕೆಳಗೊಂದು ರಬ್ಬರ್ ಚಕ್ರ. ಚೆಂಡು ಎರಡರ ನಡುವೆ ಸಿಕ್ಕಿ ಹೊರಗೆ ಚಿಮ್ಮುತ್ತದೆ. ಕೆಳಗಿನದನ್ನು ಜೋರಾಗಿ, ಮೇಲಿನದನ್ನು ನಿಧಾನಕ್ಕೆ ತಿರುಗಿಸಿದರೆ ಥೇಟ್ ಅರ್ಪಿತಾಳ ಚೆಂಡು.

ಆಯುಧಪೂಜೆಯ ದಿನ ಅವಳು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದಾಗ ಅತ್ತೆ ಚನ್ನಾಜಮ್ಮ ವಿಭೂತಿ ತಟ್ಟೆ ಹಿಡಿದು ಮನೆಯೆಲ್ಲ ಸುತ್ತಿದರು. ಸ್ಕೂಟರು, ಗ್ರೈಂಡರು, ಈಳಿಗೆಮಣೆ ಎಲ್ಲಕ್ಕೂ ಮೂರು ಬೆರಳಿನ ಪಟ್ಟೆ. ಆಮೇಲೆ ಮಹಡಿಗೂ ಹತ್ತಿದರೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಮಾರನೆಯ ಸಂಜೆ ಸರ್ವಮಂಗಳಾ ಮೈಮರೆತಳು. ಒಂದು ಚೆಂಡೂ ನೆಟ್ಟಿಗೆ ಬೀಳಲಿಲ್ಲ. ಅದರ ಮರುದಿನವೂ ಹಾಗೇ. ಮೈಸೂರಿನಲ್ಲಿ ಓದುತ್ತಿದ್ದ ಮಗಳು ನಂದಿತಾಳಿಗೆ ಫೋನು ಮಾಡಿ, "ಕೈಗೆ ಬಂತು ಕಣೇ, ಈ ಸಲ ಬಿಡಲ್ಲ" ಎಂದಳು.

ಮೂರನೆಯ ದಿನ ಚೆಂಡುಗಳು ನೆಟ್ಟಿನವರೆಗೂ ಬರದೆ ಬೀಳತೊಡಗಿದವು. ಗಂಡ ರುದ್ರೇಶ್ ಗೊಬ್ಬರದ ಅಂಗಡಿ ಮುಚ್ಚಿ ಬಂದವನು, ಎಣ್ಣೆ ಕಾಣದ ಯಂತ್ರ ಇನ್ನೇನು ಮಾಡೀತು ಎಂದು ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟ. ಚೆಂಡುಗಳು ಮಗುವಿನ ಜೊಲ್ಲಿನಂತೆ ಬಾಯಿಂದಲೇ ಇಳಿದವು.

"ತಡಿ, ಎಣ್ಣೆ ಇನ್ನೂ ಒಳಗಿಳಿದಿಲ್ಲ" ಎಂದ.

ಅವಳು ಪ್ಲಗ್ಗು ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಕೆಳಗಿನ ಚಕ್ರಕ್ಕೆ ಬೂದು ಬಣ್ಣದ ರಾಡಿ ಮೆತ್ತಿತ್ತು. ಬೆರಳಿಗೆ ಹಚ್ಚಿ ಮೂಸಿದಳು. ಎಣ್ಣೆ, ಅದರಡಿ ವಿಭೂತಿ. ಮೇಲಿನ ಚಕ್ರ ಮಾತ್ರ ಅತ್ತೆಯ ಕೈಗೆ ಎಟುಕದೆ ಶುಭ್ರವಾಗಿ ಉಳಿದುಕೊಂಡಿತ್ತು.

ಅವಳು ಕೈಯಲ್ಲಿದ್ದ ಮುಚ್ಚಳವನ್ನು ನೆಲಕ್ಕೆ ಕುಕ್ಕಿದಳು. ಚಕ್ರ ಕೆಟ್ಟಿತೆಂದಲ್ಲ. ವಿಭೂತಿ ಬಿದ್ದ ದಿನದಿಂದಲೇ ಅದು ಚೆಂಡನ್ನು ಹಿಡಿಯದೆ ಜಾರುತ್ತಿತ್ತು. ಅಂದರೆ ಆ ಎರಡು ಸಂಜೆ ಬಂದವು ಸುತ್ತೇ ಇಲ್ಲದ ಬೋಳು ಚೆಂಡುಗಳು. ಅವಳ ಕೈಗೆ ಏನೂ ಬಂದಿರಲಿಲ್ಲ. ಕ್ರೀಡಾಕೂಟಕ್ಕೆ ಉಳಿದದ್ದು ಆರೇ ದಿನ.

ಮಾರಿದವರಿಗೆ ಫೋನು ಮಾಡಿದರೆ ಹೊಸ ಚಕ್ರಕ್ಕೆ ಎರಡು ವಾರ ಎಂದರು. ರುದ್ರೇಶ್ ಸೀಮೆಎಣ್ಣೆ ಹುಡುಕಲು ಹೊರಟ. ರಬ್ಬರು ಊದಿಕೊಂಡರೆ ಆಮೇಲೆ ನೀವೇ ಚೆಂಡು ಎಸೀರಿ ಎಂದು ಗದರಿ ಅವನನ್ನು ಕೂರಿಸಿದಳು. ಚಕ್ರ ಬಿಚ್ಚಿ, ಪಾತ್ರೆ ಸೋಪನ್ನು ತೆಳ್ಳಗೆ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕತೊಡಗಿದಳು. ಬೇಸಿನ್ನಿನ ನೀರು ಬೆಳ್ಳಗಾಯಿತು. ಆ ಹೊತ್ತಿಗೆ ಚನ್ನಾಜಮ್ಮ ಮೆಟ್ಟಿಲು ಹತ್ತಿ ಬಂದು ನೋಡಿದರು.

"ನಾನಿಕ್ಕಿದ್ದಾ ಅದು?"

"ಹೂಂ ಅತ್ತೆ."

ಸರ್ವಮಂಗಳಾ ತಲೆ ಎತ್ತಲಿಲ್ಲ. ಎತ್ತಿದರೆ ಬಾಯಿಂದ ಏನು ಬಂದುಬಿಡುವುದೋ ಎಂಬ ಅಳುಕು.

"ಮೊದ್ಲೇ ಯೋಳಬಾರ್ದಾ ಮಗಾ? ಅಣೆಗೆ ಇಕ್ಕೊಂಡಿದ್ನೇ ದಿನಾ ತೊಳ್ಕೊತೀವಿ, ಇದುಕ್ಕೇನು. ತಿಕ್ಕು ಸರ್ಯಾಗಿ. ಬರೋ ವರ್ಸ ಡಬ್ಬದ ಮ್ಯಾಲಿಕ್ತೀನಿ."

ಅವಳಿಗೆ ನಗು ಬಂತು, ಕೋಪ ಮಾತ್ರ ಪೂರ್ತಿ ಇಳಿಯಲಿಲ್ಲ. ಒದ್ದೆ ಒರೆಸಿ ನೆರಳಲ್ಲಿ ಒಣಗಲು ಇಟ್ಟಳು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವಳೇ, ಎಣ್ಣೆ ಕುಡಿದು ಹೊಳೆಯುತ್ತಿದ್ದ ರಬ್ಬರಿನ ಮೇಲ್ಮೈಯನ್ನು ನಯವಾದ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿದಳು. ಒಂದೇ ಕಡೆ ತಗ್ಗಾಗದಂತೆ ಚಕ್ರವನ್ನು ಸುತ್ತಿಸುತ್ತಾ, ಹೊಳಪು ಹೋಗುವಷ್ಟೇ.

ಸುತ್ತು ಬಂತೋ ಇಲ್ಲವೋ ಎಂದು ನೋಡಲು ಚೆಂಡುಗಳ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು. ಯಂತ್ರ ಜೋಡಿಸಿ ಸ್ವಿಚ್ ಒತ್ತಿದಾಗ ಗೆರೆ ಕಾಣಲೇ ಇಲ್ಲ, ಬರೀ ಕಪ್ಪು ಮಸುಕು. ಚಕ್ರ ಹಿಡಿಯುತ್ತಿತ್ತು. ಅವಳು ಹೊಡೆದ ಮೊದಲ ಹನ್ನೊಂದು ಚೆಂಡೂ ನೆಟ್ಟಿಗೆ.

ಉಳಿದ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ. ನೂರು ಚೆಂಡಿಗೊಮ್ಮೆ ನಿಲ್ಲಿಸಿ, ಹಿಂಡಿದ ಬಟ್ಟೆಯಿಂದ ಚಕ್ರದ ಧೂಳು ಒರೆಸುವಳು. ಒರೆಸಿದ ಕೂಡಲೇ ಬರುವ ಚೆಂಡಿನಲ್ಲಿ ಗೆರೆ ಪೂರಾ ಕರಗಿಹೋಗುತ್ತಿತ್ತು, ಧೂಳು ಕೂತಂತೆಲ್ಲ ತುಸು ತುಸುವೇ ಕಾಣುತ್ತಿತ್ತು. ಮಸುಕಾದಷ್ಟೂ ಬ್ಯಾಟು ಎತ್ತಬೇಕು, ಕಂಡಷ್ಟೂ ತಗ್ಗಿಸಬೇಕು. ಇಷ್ಟು ವರ್ಷ ಅವಳು ನೋಡುತ್ತಿದ್ದದ್ದು ಎದುರಾಳಿಯ ಕೈಯನ್ನು. ಚೆಂಡನ್ನು ನೋಡುತ್ತಿರಲಿಲ್ಲ.

ಮೈಸೂರಿನಲ್ಲಿ ಸೆಮಿಫೈನಲ್. ಎದುರಿಗೆ ಮತ್ತೆ ಅರ್ಪಿತ. ಐದನೆಯ ಗೇಮಿಗೆ ಬಂತು, ಒಂಬತ್ತು ಒಂಬತ್ತು. ಅರ್ಪಿತ ಕೆರೆದಳು. ಚೆಂಡಿನ ಮೇಲೆ ಅಚ್ಚಾಗಿದ್ದ ಅಕ್ಷರ ಕರಗಿ ಹೋಗಿತ್ತು. ಸರ್ವಮಂಗಳಾ ಬ್ಯಾಟನ್ನು ಮೊಣಕಾಲಿನ ಮಟ್ಟದಿಂದ ಎತ್ತಿ ಹೊಡೆದಳು, ಟೇಬಲ್ಲಿನ ಮೂಲೆಗೆ. ಮುಂದಿನದಕ್ಕೂ ಅರ್ಪಿತ ಹಾಗೇ ಕೈ ಬೀಸಿದಳು. ಆದರೆ ಬರುತ್ತಿದ್ದ ಚೆಂಡಿನಲ್ಲಿ ಅಕ್ಷರ ನಿಚ್ಚಳವಾಗಿ ಕಂಡಿತು. ಕೆರೆದಂತೆ ನಟಿಸಿ ಬೋಳಾಗಿ ಕಳಿಸಿದ್ದಾಳೆ. ಸರ್ವಮಂಗಳಾ ಎತ್ತಲಿಲ್ಲ. ಬ್ಯಾಟು ತಗ್ಗಿಸಿ ನೇರ ದೂಡಿದಳು. ಹನ್ನೊಂದು ಒಂಬತ್ತು, ಪಂದ್ಯ ಅವಳದ್ದು.

ಅರ್ಪಿತ ಕೈ ಕುಲುಕಲು ಬಂದವಳು, "ಅದೊಂದು ನಿಮಗೆ ಹೇಗೆ ಗೊತ್ತಾಯ್ತಕ್ಕಾ?" ಎಂದಳು.

ಹೇಳಲು ಹೊತ್ತು ಬೇಕು, ಆಮೇಲೆ ಹೇಳ್ತೀನಿ ಎಂದಳು ಸರ್ವಮಂಗಳಾ. ರಾಜ್ಯ ಮಟ್ಟದ ಪಟ್ಟಿಗೆ ಸಹಿ ಹಾಕಿಸಿಕೊಳ್ಳಲು ಬಂದವರಿಗೆ ನಿಂತಲ್ಲೇ ಸಹಿ ಹಾಕಿಕೊಟ್ಟಳು. ಫೈನಲ್ಲಿಗೆ ಇನ್ನೂ ಅರ್ಧ ಗಂಟೆಯಿದೆ, ಕೂತು ಸುಧಾರಿಸಿಕೊಳ್ಳಿ ಮೇಡಂ ಎಂದು ಅವರು ಕುರ್ಚಿ ತೋರಿಸಿದರು. ಅವಳು ಕುರ್ಚಿಯ ಮೇಲೆ ಚೀಲ ಇಟ್ಟು ಅದರ ಸುತ್ತ ತಿರುಗಾಡತೊಡಗಿದಳು.