ಅಮ್ಮನ ಮಂಚ

ನಮ್ಮ ಬೀದಿಯ ಬೀಗದಣ್ಣನ ಸೊಂಟದಲ್ಲಿ ನಲವತ್ತು ಮನೆಗಳ ಕೀಲಿಕೈಗಳು ಜೋತಾಡುತ್ತವೆ. ಅವನು ಬರುತ್ತಿದ್ದರೆ ಗಂಟೆ ಕಟ್ಟಿದ ಎತ್ತು ಬಂದ ಹಾಗೆ ಸದ್ದು. ಸಮುದ್ರ ನೋಡಲು ಬರುವವರಿಗೆ ವಾರಕ್ಕೋ ಎರಡು ವಾರಕ್ಕೋ ಮನೆ ಕೊಡಿಸುವುದು ಅವನ ಕಸುಬು. ಯಾವ ಮನೆಗೆ ಹೋದರೂ ಮೊದಲು ಕಿಟಕಿ ತೆರೆದು, "ನೋಡಿ, ಸಮುದ್ರ!" ಎನ್ನುತ್ತಾನೆ, ತಾನೇ ತೋಡಿಸಿದವನಂತೆ.

ಆಸ್ಪತ್ರೆಗೆ ಹೊಸದಾಗಿ ಬಂದ ಹೊರದೇಶದ ನರ್ಸ್ ಆ ಕಡೆ ತಿರುಗಿಯೂ ನೋಡಲಿಲ್ಲ.

"ಅಣ್ಣ, ಬಟ್ಟೆ ಎಲ್ಲಿ ಒಣಗಿಸೋದು? ಕಾಗದ ಬಂದ್ರೆ ಎಲ್ಲಿ ಹಾಕ್ತಾರೆ?"

ಬೀಗದಣ್ಣ ತಬ್ಬಿಬ್ಬಾದ. ಕಾಗದ ಬರುವಷ್ಟು ದಿನ ಇಲ್ಲಿ ಯಾರು ಇರುತ್ತಾರೆ?

ಆಕೆಗೆ ಬೇಕಿದ್ದದ್ದು ಒಂದು ವರ್ಷದ ಬಾಡಿಗೆ ಕರಾರು. ತಿಂಗಳ ಕೊನೆಯೊಳಗೆ ಅದನ್ನು ವಿದೇಶಿಯರ ಕಚೇರಿಗೆ ಕೊಡದಿದ್ದರೆ ಇಲ್ಲಿರುವ ಪರವಾನಗಿ ರದ್ದು. ಕೆಲಸವೂ ಇಲ್ಲ, ಊರೂ ಇಲ್ಲ. ಹನ್ನೊಂದು ಮನೆ ತಿರುಗಿದರು. ಎಲ್ಲ ಕಡೆ ಒಂದೇ ರಾಗ: "ಇರಮ್ಮ, ಧಾರಾಳವಾಗಿ ಇರು. ಸೀಸನ್ ಶುರುವಾದಾಗ ಮಾತ್ರ ಖಾಲಿ ಮಾಡು." ಬಾಡಿಗೆ ಕೇಳಿ ಕೇಳಿ ಆಕೆಯ ಮುಖವೇ ಬಾಡಿತು.

ನಮ್ಮವರನ್ನು ದೂರುವಂತಿಲ್ಲ. ಸೀಸನ್ನಿನಲ್ಲಿ ನಾವು ನಮ್ಮನ್ನೇ ಖಾಲಿ ಮಾಡಿಸಿಕೊಳ್ಳುವವರು. ಒಳ್ಳೆಯ ಕೋಣೆಗಳೆಲ್ಲ ಬಂದವರಿಗೆ. ಮನೆಯವರು ಅಡುಗೆಮನೆಗೆ, ಇಲ್ಲವೇ ಮೆಟ್ಟಿಲ ಕೆಳಗೆ. ಬೀಗದಣ್ಣನ ತಾಯಿ, ಗಂಡ ತೀರಿಕೊಂಡಂದಿನಿಂದ ಮೂವತ್ತು ವರ್ಷ, ಪ್ರತಿ ಸೀಸನ್ನಿನ ನಾಲ್ಕು ತಿಂಗಳೂ ಉಗ್ರಾಣದಲ್ಲಿ ಈರುಳ್ಳಿ ಮೂಟೆಯ ಪಕ್ಕ ಮಲಗಿದವರು. ಮಂಚ ಎಳೆದೆಳೆದು ಅವರ ಕೋಣೆಯಿಂದ ಉಗ್ರಾಣದವರೆಗೆ ನೆಲದಲ್ಲಿ ಎರಡು ಗೀರು ಬಿದ್ದಿವೆ.

ಗಡುವಿಗೆ ಮೂರು ದಿನವಿದ್ದಾಗ ನರ್ಸ್ ಅವನ ಮನೆಗೇ ಬಂದಳು.

"ಸಾಕು ಅಣ್ಣ. ನಾನು ಹೊರಡ್ತೀನಿ."

ಬಾಗಿಲ ಬಳಿ ಕೂತಿದ್ದ ಅಮ್ಮ ಮಗನನ್ನು ನೋಡಿದರು. "ನಮ್ಮ ಮಹಡಿ ಯಾಕೋ ತೋರಿಸ್ಲಿಲ್ಲ?"

"ಅಮ್ಮ, ಅದು ಸೀಸನ್ನಿಗೆ..."

"ಸೀಸನ್ ಸೀಸನ್ ಅಂತ ನನ್ನ ಆಯಸ್ಸೇ ಈರುಳ್ಳಿ ವಾಸನೆ ಹೊಡೀತಿದೆ. ವರ್ಷವಿಡೀ ಇವಳು ಮೇಲಿದ್ರೆ ನಮ್ಮ ಖರ್ಚು ನಡೆಯತ್ತೆ, ಕೆಳಗಿನ ನನ್ನ ಕೋಣೆ ಯಾರಿಗೂ ಕೊಡೋದು ಬೇಡ. ನಾನು ಅಲ್ಲೇ ಇರ್ತೀನಿ. ಊರಿಗೆಲ್ಲ ಬೀಗ ತೆಗೀತೀಯಲ್ಲ, ನನಗೂ ಒಂದು ತೆಗೆಯೋ."

ಬೀಗದಣ್ಣ ಗೊಂಚಲಿನಿಂದ ಮಹಡಿಯ ಕೀಲಿಕೈ ಬಿಡಿಸಿದ. ಮರುದಿನವೇ ಕರಾರಾಯಿತು, ಸಾಕ್ಷಿಗೆ ಅಮ್ಮನದೇ ರುಜು. ಅವನು ಬಿಸ್ಕತ್ತಿನ ಡಬ್ಬವೊಂದಕ್ಕೆ ಸೀಳು ಮಾಡಿ, ಕಾಗದಕ್ಕೆಂದು ಗೇಟಿಗೆ ಕಟ್ಟಿದ.

ಸೀಸನ್ನಿನ ಮೊದಲ ಬೆಳಿಗ್ಗೆ ಹಾಲು ತರಲು ಹೊರಟ ನಾನು ಬೀಗದಣ್ಣನ ಮನೆ ಬಾಗಿಲಲ್ಲಿ ನಿಂತೆ. ಅಮ್ಮ ಬಟ್ಟೆಯ ಗಂಟು ಕಟ್ಟಿಟ್ಟು, ಪ್ರತಿ ವರ್ಷದಂತೆ ಮಂಚವನ್ನು ಉಗ್ರಾಣದ ಕಡೆ ಎಳೆಯುತ್ತಿದ್ದರು.

"ಏನಮ್ಮ ಇದು?" ಮಗ ಓಡಿಬಂದ.

"ಸೀಸನ್ನಿನ ಬಸ್ಸು ಬಂತಲ್ಲೋ. ಹಿಡ್ಕೋ ಆ ಕಡೆ."

"ಈ ಸಲ ಬೇಡಮ್ಮ. ಇದು ನಿನ್ನ ಕೋಣೆ."

ಅಮ್ಮ ಕೈ ಬಿಡಲಿಲ್ಲ. "ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ?"

ಮೂವತ್ತು ವರ್ಷ ಊರಿಗೆಲ್ಲ ಜಾಗ ತೋರಿಸಿದವನು ಸೊಂಟದ ಕೀಲಿಕೈಗಳನ್ನು ತಡವಿದ. ಮಹಡಿಯಿಂದ ಇಳಿದು ಬಂದ ನರ್ಸ್ ಮಂಚದ ಇನ್ನೊಂದು ಬದಿ ಹಿಡಿದು ಮತ್ತೆ ಗೋಡೆಗೆ ಸರಿಸಿದಳು. ಗಂಟಿನ ಪಕ್ಕ ಕೂತಳು.

"ನಂದೂ ಒಂದು ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ ಅಮ್ಮ. ಮತ್ತೆ ಹೊರಡು ಅಂತಾರೇನೋ ಅಂತ ಭಯ."

ಅಮ್ಮ ಗಂಟಿಗೆ ಕೈ ಹಾಕಿದರು. ಬಿಗಿಯಾಗಿತ್ತು, ಇಬ್ಬರೂ ಸೇರಿ ಬಿಚ್ಚಬೇಕಾಯಿತು.

ಗೇಟಿನಲ್ಲಿ ಯಾರೋ ಬ್ಯಾಗು ಇಳಿಸಿ ಕೂಗಿದರು, "ರೂಮ್ ಸಿಗತ್ತಾ?"

"ಇಲ್ಲ," ಎಂದ ಬೀಗದಣ್ಣ. "ಇಲ್ಲಿ ಜನ ಇದ್ದಾರೆ."