ಒಂದೇ ಸಲ ಕೇಳುವ ಭಾಷೆ

ನಾನು ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸುತ್ತೇನೆ. ಬೈಯುವುದು ಮಾತ್ರ ಕನ್ನಡದಲ್ಲಿ. ಪಿತ್ತ ನೆತ್ತಿಗೇರಿದ ಕೂಡಲೇ ಇಷ್ಟು ವರ್ಷ ಕಲಿತದ್ದು, ಕಲಿಸಿದ್ದು ಎಲ್ಲ ಎಲ್ಲಿಗೋ ಓಡಿಹೋಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡು ಭಾಷೆಗಳಲ್ಲಿ ಮಾತು ಬರುತ್ತದೆ, ಜಗಳಕ್ಕೇನೂ ಬರವಿಲ್ಲ. ಇದನ್ನೂ ಕೋಪದಲ್ಲಿಯೇ ಬರೆಯಲು ಕೂತಿದ್ದೇನೆ, ಅದಕ್ಕೇ ಕನ್ನಡದಲ್ಲಿ.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮಹಡಿ ಮೇಲೆ ನನ್ನ ಸಂಜೆಯ ತರಗತಿ. ಕೆಳಗೆ ರಾಗಿ ಬೀಸುತ್ತಾರೆ, ಮೇಲೆ ನಾವು ಇಂಗ್ಲಿಷ್ ಬೀಸುತ್ತೇವೆ. ಗಿರಣಿ ಶುರುವಾದರೆ ಕೂಗಿ ಕೂಗಿ ಪಾಠ ಹೇಳಬೇಕು. ಹಾಗಾಗಿ ನನ್ನ ಶಿಷ್ಯರು ‘ಎಕ್ಸ್‌ಕ್ಯೂಸ್ ಮಿ’ ಎಂದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆಂದು ದೂರು ಬಂದಿದೆ. ಬರುವವರೆಲ್ಲ ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಸ್ಸಿಳಿದವರು. ಕೈಯಲ್ಲಿ ಊಟದ ಡಬ್ಬಿ, ಕಣ್ಣಲ್ಲಿ ನಿದ್ದೆ. ಆದರೂ ಬೆಂಚಿನಲ್ಲಿ ನೆಟ್ಟಗೆ ಕೂರುತ್ತಾರೆ. ಅವರನ್ನು ನೋಡಿದರೆ ನನ್ನ ಸಿಡುಕು ಅರ್ಧ ಇಳಿಯುತ್ತದೆ. ಉಳಿದರ್ಧವನ್ನು ನಾನು ಪಠ್ಯಪುಸ್ತಕದ ಮೇಲೆ ತೀರಿಸಿಕೊಳ್ಳುತ್ತೇನೆ.

ಆ ಪುಸ್ತಕ ಬರೆದವರಿಗೆ ನಮ್ಮ ಕಡೆಯ ಗಾಳಿ ಸೋಕಿಲ್ಲ. ಅದರಲ್ಲೊಂದು ಪಾಠ ಇದೆ. ಒಬ್ಬಾಕೆ ಕೇಳುತ್ತಾಳೆ, ‘ಸ್ವಲ್ಪ ಟೀ ತೆಗೆದುಕೊಳ್ಳುತ್ತೀರಾ?’ ಇನ್ನೊಬ್ಬಾಕೆ, ‘ನೋ, ಥ್ಯಾಂಕ್ ಯೂ’ ಎನ್ನುತ್ತಾಳೆ. ಪಾಠ ಮುಗಿಯಿತು! ಮೊದಲ ಸಲ ಇದನ್ನು ಓದಿಸಿದಾಗ ಇಡೀ ತರಗತಿ ಪುಟ ತಿರುಗಿಸಿ ನೋಡಿತು, ಮುಂದಿನದು ಅಲ್ಲೆಲ್ಲೋ ಇರಬೇಕೆಂದು. ಕೊನೆಗೆ ರತ್ನಮ್ಮ ಕೇಳಿದರು: “ಅಷ್ಟೇನಾ ಮೇಡಂ? ಇನ್ನೊಂದ್ಸಲ ಕೇಳಾಕಿಲ್ವಾ?”

“ಅಷ್ಟೇ ಕಣಮ್ಮ. ಅವರಲ್ಲಿ ಅಷ್ಟೇ.”

“ಅಯ್ಯೋ ಪಾಪ, ಆಯಮ್ಮ ಅಂಗೇ ವಾಪಸ್ ಓದ್ಳಾ?”

ನಗಬೇಡಿ. ನಮ್ಮಲ್ಲಿ ಯಾರ ಮನೆಗಾದರೂ ಹೋಗಿ ಮೊದಲನೇ ಸಲಕ್ಕೇ ‘ಹೂಂ, ಕಾಫಿ ಕೊಡಿ’ ಅಂದುನೋಡಿ. ಕೊಡುತ್ತಾರೆ, ಆದರೆ ನೀವು ಬೀದಿ ದಾಟುವ ಮುಂಚೆ ನಿಮ್ಮ ವಂಶದ ವಿಚಾರಣೆ ಶುರುವಾಗಿರುತ್ತದೆ. ಮೊದಲು ‘ಬೇಡ, ಈಗಷ್ಟೇ ಆಯ್ತು’ ಅನ್ನಬೇಕು. ಅವರು ‘ಒಂದು ಗುಟುಕು’ ಅನ್ನಬೇಕು. ನೀವು ‘ನಿಮಗ್ಯಾಕೆ ತೊಂದರೆ’ ಅನ್ನುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರಬೇಕು. ಇದಕ್ಕೆ ನಾವು ಉಪಚಾರ ಎಂದು ಹೆಸರಿಟ್ಟಿದ್ದೇವೆ. ದೇವರಿಗೂ ನಾವು ಒಂದು ಉಪಚಾರ ಮಾಡಿ ಸುಮ್ಮನಾದವರಲ್ಲ, ಷೋಡಶೋಪಚಾರ ಮಾಡುವವರು. ಕೊಡುವವರು ಒತ್ತಾಯಿಸಬೇಕು, ತೆಗೆದುಕೊಳ್ಳುವವರು ಹಿಂದೇಟು ಹಾಕಬೇಕು. ಇದರಲ್ಲಿ ಸುಳ್ಳಿಲ್ಲ, ಮೋಸವಿಲ್ಲ. ಆಸೆಬುರುಕರು ಅನ್ನಿಸಿಕೊಳ್ಳದೆ ಆಸೆ ಪಡುವ ದಾರಿ ಇದು. ನಾನೂ ಇದರಲ್ಲಿಯೇ ಬೆಳೆದವಳು. ಒಮ್ಮೆ ಯಾವುದೋ ವಿಚಾರಸಂಕಿರಣದಲ್ಲಿ ಹೊರದೇಶದ ಪ್ರಾಧ್ಯಾಪಕಿಯೊಬ್ಬರು ಕೇಕ್ ತಟ್ಟೆ ಮುಂದೆ ಹಿಡಿದಾಗ ಶಾಸ್ತ್ರಕ್ಕೆ ಬೇಡವೆಂದು, ಆಮೇಲೆ ಆ ತಟ್ಟೆ ಸಭೆಯಿಡೀ ಸುತ್ತುವುದನ್ನು ಕಣ್ಣಲ್ಲೇ ಹಿಂಬಾಲಿಸಿದ್ದೇನೆ. ತಿರುಗಿ ಬಂತು, ಖಾಲಿಯಾಗಿ.

ಕೇಕ್ ಹೋದರೆ ಹೋಯಿತು. ರತ್ನಮ್ಮನವರ ಕಥೆ ಹಾಗಲ್ಲ.

ರತ್ನಮ್ಮ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ತಲೆ ನೆರೆಯುವವರೆಗೆ ದುಡಿದವರು. ಅಲ್ಲಿ ಸೂಪರ್‌ವೈಸರ್ ಕೆಲಸ ಖಾಲಿಯಾಯಿತು. ಹಿರಿತನದಲ್ಲಿ ಅವರದೇ ಸರದಿ. ಆದರೆ ಹೊಸದಾಗಿ ಬಂದ ಮೇಲಿನವರು ಸಂದರ್ಶನ ಇಂಗ್ಲಿಷಿನಲ್ಲೇ ಆಗಬೇಕೆಂದರಂತೆ. ರಟ್ಟಿನ ಪೆಟ್ಟಿಗೆಗೆ ಇಂಗ್ಲಿಷ್ ಬರಬೇಕೆ ಎಂದು ನಾನು ಕೇಳುವುದಿಲ್ಲ, ಕೇಳಿದರೆ ನನ್ನ ಅನ್ನಕ್ಕೇ ಕಲ್ಲು. ರತ್ನಮ್ಮ ನನ್ನ ತರಗತಿಗೆ ಸೇರಿದ್ದು ಅದಕ್ಕೇ. “ಸಂಬ್ಳ ಸ್ವಲ್ಪ ಜಾಸ್ತಿ ಆಯ್ತದೆ, ಅದಿರ್ಲಿ ಮೇಡಂ,” ಎಂದಿದ್ದರು ಒಮ್ಮೆ. “ನಿನ್ನೆ ಮೊನ್ನೆ ಬಂದ ಐಕ್ಳು ‘ಏಯ್ ರತ್ನಮ್ಮ’ ಅಂತ ಕೂಗ್ತವೆ. ಸೂಪರ್‌ವೈಸರ್ ಆದ್ರೆ ಅಂಗೆ ಕೂಗಾಕಾಯ್ತದಾ?” ಆ ಮಾತು ಕೇಳಿದ ಮೇಲೆ ನಾನು ಅವರನ್ನು ರುಬ್ಬಿದ ಪರಿಗೆ ಒರಳುಕಲ್ಲೂ ನಾಚಬೇಕು. ಹೆಸರು, ಊರು, ಕೆಲಸ, ಅನುಭವ, ಎಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಾದರು.

ಸಂದರ್ಶನದ ಸಂಜೆ ಮೆಟ್ಟಿಲು ಹತ್ತಿ ಬಂದವರ ಮುಖ ನೋಡಿಯೇ ನಾನು ಸೀಮೆಸುಣ್ಣ ಕೆಳಗಿಟ್ಟೆ.

“ಎಲ್ಲಾನೂ ಸರ್ಯಾಗೇ ಏಳ್ದೆ ಮೇಡಂ. ಕೊನೇಲಿ ಆ ಸಾರು, ನಿಂಗೆ ಈ ಕೆಲ್ಸ ಬೇಕಾ ಅಂತ ಇಂಗ್ಲಿಷಲ್ಲಿ ಕೇಳುದ್ರು.”

“ನೀವೇನಂದ್ರಿ?”

“ನೋ ಸರ್, ಐ ಆಮ್ ಎ ಸ್ಮಾಲ್ ಪರ್ಸನ್. ಮೆನಿ ಪೀಪಲ್ ಆರ್ ಬೆಟರ್ ದ್ಯಾನ್ ಮಿ.”

ವಾಕ್ಯದಲ್ಲಿ ಒಂದೂ ತಪ್ಪಿಲ್ಲ. ಅದೇ ನನ್ನ ಹೊಟ್ಟೆಗೆ ಬೆಂಕಿಯಿಟ್ಟದ್ದು. ಅಧಿಕಾರಿ ‘ಓಕೆ, ಥ್ಯಾಂಕ್ ಯೂ’ ಎಂದು ಫೈಲು ಮುಚ್ಚಿದರಂತೆ. ರತ್ನಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತರಂತೆ, ಇನ್ನೊಂದು ಸಲ ಕರೆಯುತ್ತಾರೆ ಅಂತ. ಊಟದ ಗಂಟೆ ಹೊಡೆದು, ಅಧಿಕಾರಿ ಇವರ ಮುಂದೆಯೇ ಹಾದು ಕ್ಯಾಂಟೀನಿಗೆ ಹೋದ ಮೇಲೆ ಎದ್ದರಂತೆ.

“ಆ ಮಹಾಶಯ ಯಾವ ದೇಶದವನು?” ಎಂದೆ.

“ನಮ್ಮ ಮೈಸೂರೋರೇ ಮೇಡಂ. ಆಚೆ ಸಿಕ್ಕುದ್ರೆ ಕನ್ನಡದಲ್ಲೇ ಚೆನ್ನಾಗ್ ಮಾತಾಡುಸ್ತಾರೆ.”

ಹೇಳಿ, ಯಾವ ಸೀಮೆಯ ನ್ಯಾಯ ಇದು? ಲಂಡನ್ನಿನವನೊಬ್ಬ ‘ನೋ’ ಅಂದರೆ ನೋ ಎಂದುಕೊಂಡಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಈ ಮನುಷ್ಯ ನಮ್ಮ ನೀರು ಕುಡಿದವನು! ಇದೇ ರತ್ನಮ್ಮ ಕನ್ನಡದಲ್ಲಿ ‘ಅಯ್ಯೋ ಸಾರ್, ನಾನೆಲ್ಲಿ, ಆ ಕೆಲಸವೆಲ್ಲಿ’ ಎಂದಿದ್ದರೆ ಅವನಿಗೆ ಕೂಡಲೇ ಅರ್ಥವಾಗುತ್ತಿತ್ತು, ಹೆಂಗಸಿಗೆ ಆಸೆಯಿದೆ, ಹೇಳಿಕೊಳ್ಳಲು ಸಂಕೋಚ ಎಂದು. ಅದೇ ಮಾತು ಇಂಗ್ಲಿಷಿನಲ್ಲಿ ಬಂದದ್ದೇ ತಡ, ಕಿವಿ ಕಿವುಡಾಯಿತು. ಟೈ ಕಟ್ಟಿಕೊಂಡರೆ ಕುತ್ತಿಗೆ ಬಿಗಿಯುವುದು ಗೊತ್ತಿತ್ತು, ಕರುಳೂ ಬಿಗಿಯುತ್ತದೆಂದು ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಅಳಿಯ ‘ಸಾಕು’ ಅಂದರೆ ಸೌಟು ಕೆಳಗಿಡುತ್ತಾರೆಯೇ? ಆ ಸಂಜೆ ನಾನು ಪಾಠ ಮಾಡಲಿಲ್ಲ. ಗಿರಣಿಯ ಸದ್ದನ್ನೂ ಮೀರಿಸಿ ಬೈದೆ. ರತ್ನಮ್ಮನೇ ನನಗೆ ನೀರು ಕೊಟ್ಟು, “ಓಗ್ಲಿ ಬುಡಿ ಮೇಡಂ, ನಿಮ್ಗೆ ಬೀಪಿ ಏರ್ತದೆ,” ಎಂದು ಸಮಾಧಾನ ಮಾಡಿದರು. ಆಮೇಲೆ ತಿಳಿಯಿತು, ಕೆಲಸ ಇನ್ನೂ ಖಾಲಿಯೇ ಇದೆ, ಹೊರಗಿನಿಂದ ಯಾರನ್ನೋ ತರುವ ಯೋಚನೆಯಲ್ಲಿದ್ದಾರೆ ಎಂದು. ನನಗೆ ಇನ್ನಷ್ಟು ಉರಿಯಿತು.

ಸ್ವಲ್ಪ ದಿನಕ್ಕೆ ಅದೇ ಪ್ಯಾಕಿಂಗ್ ವಿಭಾಗದ ಇನ್ನೊಬ್ಬ ಶಿಷ್ಯೆಯ ಮದುವೆ ಬಂತು, ಬನ್ನಿಮಂಟಪದ ಛತ್ರದಲ್ಲಿ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು, ಮದುವೆ ಹುಡುಗಿಯ ಕಾರ್ಖಾನೆಯಲ್ಲಿ ಸಂದರ್ಶನ ಮಾಡುವವರು ತಾವೇ ಎಂದು ನಗುನಗುತ್ತಾ ಪರಿಚಯ ಹೇಳಿಕೊಂಡರು. ಅವರೇ! ಸಂದರ್ಶನದ ಅಧಿಕಾರಿ! ನೋಡಿದರೆ ರಾಕ್ಷಸನ ಕಳೆಯೇನೂ ಇಲ್ಲ, ಪಂಚೆ ಉಟ್ಟು ಸೌಮ್ಯವಾಗಿ ಕೂತಿದ್ದಾರೆ. ನಾನು ಮನಸ್ಸಿನಲ್ಲೇ ಬೈಗುಳ ಜೋಡಿಸಿಕೊಳ್ಳತೊಡಗಿದೆ. ಪಾಯಸಕ್ಕೆ ಮುಂಚೆ ಶುರುಮಾಡುವುದೋ, ಆಮೇಲೋ ಎಂಬುದೊಂದೇ ಪ್ರಶ್ನೆ.

ಅಷ್ಟರಲ್ಲಿ ಒಬ್ಬಟ್ಟು ಬಂತು. ತಂದವರು ರತ್ನಮ್ಮ. ಹುಡುಗಿಗೆ ಅಕ್ಕನ ಹಾಗೆ ನಿಂತು ಉಪಚಾರ ನೋಡಿಕೊಳ್ಳುತ್ತಿದ್ದರು. ಅಧಿಕಾರಿ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, “ಬೇಡ ಬೇಡಮ್ಮ, ಆಗ್ಲೇ ಹೊಟ್ಟೆ ಭಾರ,” ಎಂದರು.

“ಸರಿ ಸಾರ್,” ಎಂದು ರತ್ನಮ್ಮ ನನ್ನ ಎಲೆಗೆ ಬಂದರು. ನಾನು ಶಾಸ್ತ್ರಗೀಸ್ತ್ರ ಬಿಟ್ಟು ‘ಹಾಕಮ್ಮ’ ಎಂದೆ. ಎರಡು ಬಿದ್ದವು, ಮೇಲೆ ತುಪ್ಪ. ಅಧಿಕಾರಿ ನನ್ನ ಎಲೆ ನೋಡಿದರು, ತಮ್ಮ ಎಲೆ ನೋಡಿದರು. ರತ್ನಮ್ಮ ಪಂಕ್ತಿಯ ತುದಿ ಮುಟ್ಟಿ ತಿರುಗಿ ಬಂದು, ಅವರನ್ನು ದಾಟಿ ಹೊರಟೇಬಿಟ್ಟರು.

“ಏನಮ್ಮ ರತ್ನಮ್ಮ, ಇನ್ನೊಂದ್ಸಲ ಕೇಳೋದಲ್ವಾ?”

“ನೀವೇ ಬೇಡ ಅಂದ್ರಲ್ಲ ಸಾರ್.”

“ಅಂತಾರೆ ಕಣಮ್ಮ! ಒಬ್ಬಟ್ಟು ಬೇಡ ಅನ್ನೋರು ಯಾರಿದ್ದಾರೆ? ಸ್ವಲ್ಪ ಬಲವಂತ ಮಾಡ್ಬೇಕು.”

ರತ್ನಮ್ಮ ನಿಂತರು. ದನಿಯಲ್ಲಿ ಕೊಂಕಿಲ್ಲ, ಕಣ್ಣಲ್ಲಿ ಮಾತ್ರ ನೀರು ಬಂದಿತ್ತು. “ನಂಗೂ ಅಂಗೇ ಆಯ್ತು ಸಾರ್ ಅವತ್ತು. ಆಚೆ ಬೆಂಚ್ ಮೇಲೇ ಕುಂತಿದ್ದೆ, ಇನ್ನೊಂದ್ಸಲ ಕೇಳ್ತೀರೇನೋ ಅಂತ.”

ಅಧಿಕಾರಿಯ ಮುಖ ಕಂದಿತು. ನಾನು ಅಷ್ಟು ಹೊತ್ತು ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ದಂಡವಾಯಿತು. ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದರು: “ಆ ಕೆಲಸ ಇನ್ನೂ ಯಾರಿಗೂ ಕೊಟ್ಟಿಲ್ಲ. ಮಾಡ್ತೀಯೇನಮ್ಮ?”

“ಅಯ್ಯೋ ಬುಡಿ ಸಾರ್, ನನ್ ಕೈಲೆಲ್ಲಾಯ್ತದೆ!”

ಒಬ್ಬಟ್ಟು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಎಲ್ಲಿಗೆ ಹೋಯಿತು ನಾನು ರುಬ್ಬಿದ್ದೆಲ್ಲ! ಬೆಂಚಿನ ಮೇಲೆ ಕೂತು ಕಾದದ್ದು ಸಾಲದೆ ಈ ಹೆಂಗಸಿಗೆ? ‘ಎಸ್ ಅನ್ನಿ’ ಎಂದು ಕೂಗಬೇಕೆಂದರೆ ಬಾಯಿ ತುಂಬ ಹೂರಣ.

ಅಧಿಕಾರಿ ಅವರನ್ನೇ ನೋಡಿದರು. ಆಮೇಲೆ ತಮ್ಮ ಖಾಲಿ ಎಲೆ ನೋಡಿದರು. “ಹಾಗನ್ಬೇಡಿ ರತ್ನಮ್ಮನವ್ರೇ. ನೀವೇ ಮಾಡ್ಬೇಕು. ಸೋಮವಾರ ಆಫೀಸಿಗೆ ಬನ್ನಿ, ಮೇಲಿನವರಿಗೆ ನಾನು ಹೇಳ್ತೀನಿ.”

“ನೀವು ಇಷ್ಟ್ ಏಳ್ದ ಮೇಲೆ ಇಲ್ಲ ಅನ್ನಾಕಾಯ್ತದಾ ಸಾರ್...” ರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಗಲವಾದ ಒಬ್ಬಟ್ಟೊಂದನ್ನು ಎತ್ತಿ ಅವರ ಎಲೆಯ ಮೇಲೆ ಹಿಡಿದರು. “ಒಂದಾದ್ರೂ ಆಕುಸ್ಕಳಿ.”

“ಅಯ್ಯೋ, ಬೇಡಮ್ಮ,” ಎಂದರು ಅಧಿಕಾರಿ, ಎಲೆಯ ಮೇಲಿಂದ ಕೈ ತೆಗೆಯುತ್ತಾ.