ಜೊಹರಾಳ ಟಾರ್ಟ್, ನನ್ನ ಕಪ್

ಆ ಕಪ್ ನನ್ನದಲ್ಲ. ಎಂಟು ವರ್ಷ ನಮ್ಮ ಮನೆಯ ಶೋಕೇಸಿನಲ್ಲಿ ಮಿಂಚಿದ, ಬಂದವರಿಗೆಲ್ಲ ನಾನೇ ಎತ್ತಿ ತೋರಿಸಿದ ಆ ಮೊದಲ ಬಹುಮಾನವನ್ನು ಗೆದ್ದವಳು ಎದುರು ಫ್ಲ್ಯಾಟಿನ ಜೊಹರಾ. ನಾನು ಕದ್ದೆ — ಇದಕ್ಕಿಂತ ಮೃದುವಾದ ಪದ ಹುಡುಕಿದೆ, ಸಿಗಲಿಲ್ಲ.

ನಾವು ಗಲ್ಫಿನ ರಿಫಾಕ್ಕೆ ಬಂದ ಹೊಸತು. ಕಾಲಿಂಗ್ ಕಾರ್ಡ್ ಗೀಚಿ ಮಂಗಳೂರಿಗೆ ಫೋನ್ ಮಾಡುತ್ತಿದ್ದ ಕಾಲ. ಕ್ರಿಸ್ಮಸ್ಸಿಗೆ ನಾವು ಕ್ರೈಸ್ತರು ನೆರೆಹೊರೆಗೆ ಕುಸ್ವಾರ್ ಹಂಚುತ್ತೇವೆ — ನೆವ್ರಿ, ಕಿಡಿಯೊ ಮುಂತಾದ ತಿಂಡಿ ತುಂಬಿದ ತಟ್ಟೆ. ಅದಕ್ಕೆ ನಾನು ಜಾಮ್ ಟಾರ್ಟನ್ನೂ ಸೇರಿಸಿದ್ದೆ. ನನ್ನ ಜೊತೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಸ್ಟ್ರಿಯಾದ ಹೆಂಗಸು ಕಲಿಸಿದ್ದು: ಬೆಣ್ಣೆ, ಬಾದಾಮಿ ಪುಡಿ ಕಲಸಿದ ಹಿಟ್ಟು, ಮೇಲೆ ಜಾಮ್, ಅದರ ಮೇಲೆ ಹಿಟ್ಟಿನ ಪಟ್ಟಿಗಳ ಜಾಲರಿ. ಬಾದಾಮಿಯ ಜಾಗದಲ್ಲಿ ನಾನು ಊರಿನ ಗೋಡಂಬಿ ಹಾಕುತ್ತಿದ್ದೆ, ಅದೇ ನನ್ನ ಜಂಬ. ಜೊಹರಾಳಿಗೂ ನಾನೇ ಕಲಿಸಿದೆ.

ಆ ವರ್ಷ ನಮ್ಮ ಕರಾವಳಿಯವರ ಸಂಘ ಮನಾಮಾದಲ್ಲಿ ಸಿಹಿತಿಂಡಿಯ ಸ್ಪರ್ಧೆ ಇಟ್ಟಿತು. ಜೊಹರಾಳ ಮನೆಯಲ್ಲಿ ಓವನ್ ಇರಲಿಲ್ಲ. "ಫಸ್ಟ್ ಬಂದ್ರೆ ಓವನ್ ತೆಗೆದು ಕೊಡ್ತೇನೆ ಅಂತ ಹೇಳಿದ್ದಾರೆ ಇವರು," ಎಂದು ಗಂಡ ಹಮೀದ್ ಕೊಟ್ಟ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹಾಗಾಗಿ ಇಬ್ಬರ ಟಾರ್ಟೂ ನನ್ನ ಓವನ್ನಿನಲ್ಲೇ, ಒಂದೇ ಥರದ ತಟ್ಟೆಗಳಲ್ಲಿ — ಎಡಕ್ಕೆ ನನ್ನದು, ಬಲಕ್ಕೆ ಅವಳದು.

ಅವಳು ಗೋಡಂಬಿ ಪುಡಿ ಮಾಡುವಾಗ ಮಿಕ್ಸಿಯನ್ನು ನಿಲ್ಲಿಸಿ, ಮುಟ್ಟಿ ನೋಡಿ, ಮತ್ತೆ ತಿರುಗಿಸುತ್ತಿದ್ದಳು. ಗುರುವಾದ ನಾನು ನಕ್ಕೆ. ನನ್ನ ಪಾಲಿನದನ್ನು ಒಂದೇ ಸಮನೆ ಓಡಿಸಿದೆ. ಗೋಡಂಬಿ ಬಿಸಿಯೇರಿ ಎಣ್ಣೆ ಬಿಟ್ಟಿತು, ಹಿಟ್ಟು ಹಿಡಿತ ಕಳೆದುಕೊಂಡಿತು. ಓವನ್ ತೆರೆದಾಗ ನನ್ನದರ ಜಾಲರಿ ಕುಸಿದು ಜಾಮ್ ಹೊರಗೆ ಹರಿದಿತ್ತು. ಅವಳದು — ಹೊಂಬಣ್ಣ, ಒಂದು ಪಟ್ಟಿಯೂ ಜರುಗಿರಲಿಲ್ಲ. ಅವಳಾಗ ಮಧ್ಯಾಹ್ನದ ನಮಾಜಿಗೆಂದು ಮನೆಗೆ ಹೋಗಿದ್ದಳು.

ಬರುವಷ್ಟರಲ್ಲಿ ನಾನು ತಟ್ಟೆಗಳನ್ನು ಅದಲುಬದಲು ಮಾಡಿದ್ದೆ.

"ಅಯ್ಯೋ, ನಿಂದು ಒಡೀತಲ್ಲ ಮಾರಾಯ್ತಿ! ಮೊದಲ ಸಲ ಅಲ್ವಾ, ಹಾಗೆ ಆಗ್ತದೆ."

ಅವಳು ಕುಸಿದ ಜಾಲರಿಯನ್ನು ಬೆರಳಿಂದ ಮುಟ್ಟಿ ನೋಡಿದಳು. "ಇದೆಲ್ಲ ನನಗೆ ಹೇಳಿದ್ದಲ್ಲ ಲವೀನಕ್ಕ," ಎಂದಳು. ಸಂಜೆ ಸ್ಪರ್ಧೆಗೆ ಬರಿಗೈಯಲ್ಲೇ ನನ್ನ ಜೊತೆ ಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನಾನೋ — ಸುಳ್ಳು ಯಾಕೆ — ಕಪ್ ಎತ್ತಿ ಹಿಗ್ಗಿ ಹೀರೇಕಾಯಿಯಾದೆ. ಕಲಿಸಿದವಳು ನಾನಲ್ಲವೇ, ಓವನ್ ನನ್ನದಲ್ಲವೇ...

ಆಮೇಲೆ ಅವಳು ಟಾರ್ಟಿನ ಸುದ್ದಿಗೇ ಹೋಗಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೂ ನಾನು ಕಳಿಸಿದ ಚೂರನ್ನು ತಿಂದು ಹೊಗಳುತ್ತಿದ್ದಳು. ನಾನು ಆ ಹೊಗಳಿಕೆಯನ್ನೂ ಅರಗಿಸಿಕೊಂಡೆ. ಆದರೆ ಕಳೆದ ತಿಂಗಳು ಅವಳ ಮಗಳು, "ನನಗೆ ಟಾರ್ಟ್ ಕಲಿಸಿ ಆಂಟಿ, ಉಮ್ಮನಿಗೆ ಇದೆಲ್ಲ ಬರುದಿಲ್ಲ," ಎಂದಾಗ ಪಕ್ಕದಲ್ಲಿ ಕೂತಿದ್ದ ಜೊಹರಾ ನಗುತ್ತಾ ಹೌದೆಂದು ತಲೆಯಾಡಿಸಿದಳು. ಅದನ್ನು ನೋಡಲಾಗಲಿಲ್ಲ.

ಮರುದಿನ ಕಪ್ ಹಿಡಿದು ಅವಳ ಬಾಗಿಲು ತಟ್ಟಿದೆ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೈಗುಳ ಬರಲಿ ಎಂದು ತಲೆತಗ್ಗಿಸಿದೆ.

"ಒಡೆದದ್ದು ನಿಮ್ದಾ?"

"ನನ್ನದು."

"ಹಾಗಾದ್ರೆ... ಫಸ್ಟ್ ಬಂದದ್ದು ನಾನಾ?"

"ನೀನೇ."

ಕಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಹಮೀದ್ ಊಟ ಮಾಡಿ ಮಲಗಿದ್ದ ಕೋಣೆಗೆ ತಮ್ಮ ಬ್ಯಾರಿ ಭಾಷೆಯಲ್ಲಿ ಕೂಗುತ್ತಾ ಓಡಿದಳು. ಎಂಟು ವರ್ಷದಲ್ಲಿ ಅವಳ ಅಂಥ ದನಿಯನ್ನು ನಾನು ಕೇಳಿರಲಿಲ್ಲ — ಕೇಳಬೇಕಾಗಿತ್ತು, ಕೇಳದಂತೆ ಮಾಡಿದ್ದು ನಾನೇ. ನನಗೆ ಅರ್ಥವಾದದ್ದು ಎರಡೇ ಮಾತು: ಫಸ್ಟ್, ಓವನ್. ಫಸ್ಟ್, ಓವನ್!

ಕ್ಷಮೆ ಕೇಳಬೇಕೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ಪುರುಸೊತ್ತಿರಲಿಲ್ಲ.